ಚಂದನನ ಕಣ್ಣು ಯಾರ ಮೇಲೆ

ಗಿರಣಿ ಬಸಯ್ಯನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಶಾಲೆಯಲ್ಲಿದ್ದಾಗ ಅಣ್ಣನ ಅಕ್ಷರ ತನ್ನದಕ್ಕಿಂತ ಚಂದ ಎಂದು ಉರಿದುಕೊಂಡವನು. ಮಾವನ ಮನೆಯ ಕಾರ್ಯದಲ್ಲಿ ಷಡ್ಡಕನಿಗೆ ಹಾಕಿದ ಹಾರ ತನ್ನದಕ್ಕಿಂತ ದಪ್ಪವಾಗಿತ್ತೆಂದು ಊಟ ಬಿಟ್ಟು ಎದ್ದವನು. ಬೆಳಗಾವಿಯ ಸದಾಶಿವನಗರದಲ್ಲಿ ಬಾಜೂ ಮನೆಯವರು ಗೇಟಿಗೆ ಹೊಸ ಬಣ್ಣ ಹೊಡೆಸಿದರೆ ಇವನಿಗೆ ನಿದ್ದೆ ಹತ್ತುವುದಿಲ್ಲ. ಕೆಟ್ಟ ಮನುಷ್ಯನಲ್ಲ, ಯಾರಿಗೂ ಕೇಡು ಬಗೆದವನಲ್ಲ. ಬೇರೆಯವರ ಸುಖ ಮಾತ್ರ ಅವನ ಹೊಟ್ಟೆಯಲ್ಲಿ ಅರಗುವುದಿಲ್ಲ, ಅಷ್ಟೇ.

ಇದಕ್ಕೆ ಅವನ ಕಸುಬೂ ಸ್ವಲ್ಪ ಕಾರಣ ಎನ್ನಬೇಕು. ಹಿಟ್ಟಿನ ಗಿರಣಿಗೆ ಬರುವವರು ಡಬ್ಬಿ ಇಡುತ್ತಾರೆ, ಹಿಟ್ಟು ಬೀಳುವುದನ್ನು ನೋಡುತ್ತಾರೆ, ಬೆರಳಲ್ಲಿ ತಿಕ್ಕಿ ಸಣ್ಣಗಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಬೀಸುವವನ ಮುಖ ನೋಡಿದವರು ಕಡಿಮೆ. ನೋಡಿದರೂ ಆ ಬಿಳಿ ಧೂಳಿನಡಿ ಕಾಣುವುದೇನು? ಸಂಜೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಪೇಟೆಗೆ ಹೋದರೆ ದಿನಾ ಬರುವ ಗಿರಾಕಿಯೇ ಗುರುತು ಹಿಡಿಯದೆ ಪಕ್ಕದಲ್ಲೇ ಹಾದುಹೋಗುತ್ತಾನೆ.

ಹಾಗಿದ್ದ ಬಸಯ್ಯನ ಮನೆಗೆ ಬಾಗಲಕೋಟೆ ಕಡೆಯ ಬೀಗರೊಬ್ಬರು ಮುಧೋಳದ ನಾಯಿಮರಿಯೊಂದನ್ನು ತಂದುಬಿಟ್ಟರು. ತಿಳಿಗಂದು ಬಣ್ಣ, ನೀಳ ಕಾಲು, ಒಳಕ್ಕೆ ಎಳೆದುಕೊಂಡ ಹೊಟ್ಟೆ. ಚಂದನ ಎಂದು ಹೆಸರಿಟ್ಟ. ಚಂದನ ದೊಡ್ಡವನಾದ ಮೇಲೆ ಯಾರೋ ಹೇಳಿದರೆಂದು ಊರಿನ ಶ್ವಾನ ಪ್ರದರ್ಶನಕ್ಕೆ ಒಯ್ದ. ಎದೆಗೆ ಸಂಖ್ಯೆಯ ಬಿಲ್ಲೆ ಕಟ್ಟಿಕೊಂಡು, ಹಗ್ಗ ಕಟ್ಟಿದ ಕಣದೊಳಗೆ ನಾಯಿಯ ಜೊತೆ ಒಂದು ಸುತ್ತು ಓಡಿದ. ಹೊರಗೆ ಬಂದರೆ ಬಿಳಿ ಕೋಟಿನ ಪಶುವೈದ್ಯರೊಬ್ಬರು ನಾಯಿಯ ಹೆಸರು ಕೇಳಿದರು. ಆಮೇಲೆ ಅವನ ಹೆಸರನ್ನೂ ಕೇಳಿದರು.

ಬಿಸಿಲಲ್ಲಿ ಭಾನುವಾರ ಹಾಳುಮಾಡಿಕೊಂಡು, ನಾಯಿಯ ಮೈ ಬಾಚುತ್ತ, ಉಗುರು ಕತ್ತರಿಸುತ್ತ ಇಷ್ಟು ಜನ ಯಾಕೆ ಬರುತ್ತಾರೆಂದು ಕೇಳುವವರಿದ್ದಾರೆ. ಬಸಯ್ಯನನ್ನು ಕೇಳಬೇಕು. ಚಂದದ ಪ್ರಾಣಿಯೊಂದು ಹಗ್ಗದ ಆ ತುದಿಯಲ್ಲಿ ಕತ್ತೆತ್ತಿ ನಿಂತು ಈ ತುದಿಯವನ ಮುಖವನ್ನೇ ನೋಡುತ್ತಿದ್ದರೆ, ಸುತ್ತ ನಿಂತವರೂ ಅದರ ನೋಟದ ಜಾಡು ಹಿಡಿದು ಇವನತ್ತ ತಿರುಗುತ್ತಾರೆ. ಅಷ್ಟು ಹೊತ್ತು ಬ್ಯಾಂಕಿನ ಸಾಹೇಬನೂ ಒಂದೇ, ಗಿರಣಿಯವನೂ ಒಂದೇ. ಆ ರುಚಿ ಹತ್ತಿದ ಮೇಲೆ ಬಸಯ್ಯ ಬಿಡಲಿಲ್ಲ.

ಆದರೆ ಚಂದನ ಅವನ ಮುಖ ನೋಡಬೇಕಲ್ಲ. ಹಲ್ಲು ತೋರಿಸು ಅಂದರೆ ತೋರಿಸುತ್ತಿದ್ದ, ಓಡು ಅಂದರೆ ಓಡುತ್ತಿದ್ದ. ಕೊನೆಗೆ ಕತ್ತೆತ್ತಿ, ಕಿವಿ ನಿಮಿರಿಸಿ ಅಲುಗಾಡದೆ ನಿಲ್ಲುವ ಹೊತ್ತಿಗೆ ಆಕಳಿಸುತ್ತಿದ್ದ. ಹಾಗೆ ನಿಲ್ಲಿಸಲೆಂದೇ ಎಲ್ಲರೂ ಕೈಯಲ್ಲಿ ತಿನ್ನುವುದೇನನ್ನಾದರೂ ಹಿಡಿದಿರುತ್ತಾರೆ. ಬಸಯ್ಯ ಹೇಳಿಕೇಳಿ ಅಯ್ಯನವರ ಮನೆಯವನು, ಮಾಂಸ ಮುಟ್ಟುವಂತಿಲ್ಲ. ಅವನ ಕೈಯಲ್ಲಿ ಇರುತ್ತಿದ್ದುದು ಬೆಳಗಾವಿಯ ಸಿಹಿ ಕುಂದಾ.

"ನಾಯಿಗಿ ಕುಂದಾ ಒಯ್ಯತೀರಿ," ಎನ್ನುತ್ತಿದ್ದಳು ಹೆಂಡತಿ ಚಂದ್ರವ್ವ. "ಮನ್ಯಾಗ ಒಬ್ಬಾಕಿ ಹೆಂಡ್ತಿ ಅದಾಳ ಅನ್ನೂದರ ನೆನಪ ಐತೇನ್ರಿ?"

ಚಂದನ ಕುಂದಾ ಮೂಸಿ ಮುಖ ತಿರುಗಿಸುತ್ತಿದ್ದ. ಹೀಗೆ ಎರಡು ವರ್ಷ ಮುಧೋಳ ನಾಯಿಗಳ ಸುತ್ತಿನಲ್ಲಿ ಬಸಯ್ಯನಿಗೆ ಎರಡನೆಯ ಸ್ಥಾನ. ಎರಡು ವರ್ಷವೂ ಮೊದಲನೆಯದು ಖಾನಾಪುರದ ಸಿದರಾಯನ ಹೆಣ್ಣುನಾಯಿ ಬಿಜಲಿಗೆ.

ಈ ಸಿದರಾಯ ಲೈನ್‌ಮನ್. ಅಜ್ಜನ ಕಾಲಕ್ಕೆ ಕುರಿ ಕಾಯುತ್ತಿದ್ದ ಮನೆತನ, ಈಗ ಇವನಿಗೆ ಕರೆಂಟಿನ ಕಂಬ. ಕಂಬದ ಮೇಲಿದ್ದರೂ ಕೆಳಗಿನಿಂದ ಜನ ತಲೆ ಎತ್ತಿ ಮಾತಾಡಿಸುತ್ತಾರೆ. ಒಬ್ಬರಿಗೆ ಮರಾಠಿ, ಒಬ್ಬರಿಗೆ ಕನ್ನಡ, ಇಬ್ಬರಿಗೂ ಅದೇ ದೊಡ್ಡ ನಗು. ಪ್ರದರ್ಶನದ ಮೈದಾನಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ಎಲ್ಲರ ಚಹಾದಲ್ಲೂ ಅವನಿಗೊಂದು ಪಾಲು. ಅವನು ಗೆದ್ದದ್ದಕ್ಕಿಂತ, ಗೆದ್ದ ಮೇಲೆ ಬಹುಮಾನದ ಕಪ್ಪನ್ನು ಹಳೆಯ ಚೀಲಕ್ಕೆ ತುರುಕಿ ಹೊರಟುಬಿಡುವುದು ಬಸಯ್ಯನ ಹೊಟ್ಟೆ ಉರಿಸುತ್ತಿತ್ತು. ಬಸಯ್ಯನಾದರೋ ಅಂಥದ್ದೊಂದನ್ನು ಇಡಲೆಂದೇ ಗಿರಣಿಯ ಗೋಡೆಗೆ ಹಲಗೆ ಬಡಿಸಿಟ್ಟಿದ್ದ.

ಈ ವರ್ಷ ಗೆಲ್ಲದಿದ್ದರೆ ಮುಗಿಯಿತು. ಚಂದನನಿಗೆ ವಯಸ್ಸಾಗುತ್ತಿತ್ತು, ಮೂತಿಯ ಹತ್ತಿರ ಬಿಳಿಗೂದಲು ಇಣುಕಿತ್ತು. ಬಿಜಲಿಗೆ ಸಿದರಾಯ ಮಾಡುವುದಾದರೂ ಏನೆಂದು ಕಣ್ಣಾರೆ ನೋಡಬೇಕೆಂದು ಬಸಯ್ಯ ಒಂದು ಬೆಳಿಗ್ಗೆ ಚಂದನನನ್ನು ಓಮ್ನಿ ವ್ಯಾನಿನ ಹಿಂದೆ ಕೂರಿಸಿಕೊಂಡು ಖಾನಾಪುರಕ್ಕೆ ಹೊರಟ. ದಾರಿಯಲ್ಲಿ ದೇಸೂರ ದಾಟುವಷ್ಟರಲ್ಲಿ ಒಂದು ನೆಪವನ್ನೂ ಹೊಂದಿಸಿಕೊಂಡ.

"ಶರಣ್ರಿ ಅಯ್ಯಾರ. ಬರ್ರಿ, ಕುಂದರ್ರಿ," ಎಂದು ಸಿದರಾಯ ಬಗ್ಗಿ ಕಾಲು ಮುಟ್ಟಿದ. "ಇಷ್ಟ ದೂರ ಹೆಂಗ ಬಂದ್ರಿ?"

"ಅಕ್ಕಿ ನೋಡಾಕ ಬಂದಿದ್ನೆಪಾ. ನಿಮ್ಮನಿ ಹಾದ್ಯಾಗ ಐತಲ್ಲ ಅಂತ ಬಂದೆ."

ಸಿದರಾಯನ ಮನೆ ಯಾವ ಹಾದಿಯಲ್ಲೂ ಇಲ್ಲ. ಖಾನಾಪುರ ದಾಟಿ, ಗದ್ದೆಯ ಬದು ಹಿಡಿದು ಹೋಗಬೇಕು. ಅವನ ಹೆಂಡತಿ ಪದ್ಮವ್ವ ಇದನ್ನು ಗಮನಿಸಿಯೂ ಗಮನಿಸದವಳಂತೆ ಚಹಾ ತಂದಿಟ್ಟಳು.

ನೋಡುವಂಥದ್ದೇನೂ ಇರಲಿಲ್ಲ. ಸಿದರಾಯ ಪ್ಯಾಂಟಿನ ಕಿಸೆಗೆ ಕೈಹಾಕಿದ. ಅಂಗಳದಲ್ಲಿ ಮಲಗಿದ್ದ ಬಿಜಲಿ ಎದ್ದು ಕಲ್ಲಿನಲ್ಲಿ ಕಡೆದಂತೆ ನಿಂತಿತು. ಕಿಸೆಯಿಂದ ಬಂದದ್ದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ, ಬೇಯಿಸಿದ ಕುರಿಯ ಕಲೇಜಿ ಮಾಂಸದ ಚೂರು. ಬಸಯ್ಯ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಚಂದನ ಮಾತ್ರ ಮುಂದಕ್ಕೆ ಸರಿದ. ಅವನ ಕಿವಿ ಹಾಗೆ ನಿಮಿರಿದ್ದನ್ನು ಬಸಯ್ಯ ಅದುವರೆಗೆ ಕಂಡಿರಲಿಲ್ಲ.

"ಕೊಡ್ಲೇನ್ರಿ ಅಯ್ಯಾರ? ನಿಮ್ಮ ಮನಿ ನಾಯಿ, ಕೇಳೇ ಕೊಡಬೇಕು."

ಬೇಡ ಅನ್ನಬಹುದಿತ್ತು. ಆದರೆ ಸಿದರಾಯನೆದುರು ಹಿಂಜರಿದರೆ ಸೋತಂತೆ ಎನ್ನಿಸಿ, "ನಾಯಿಗಿ ಎಂಥಾ ಮಡಿಯೋ, ಕೊಡು," ಎಂದ ಬಸಯ್ಯ.

ಅಲ್ಲಿಗೆ ಕೆಟ್ಟಿತು. ಚಂದನ ಒಂದು ಚೂರು ತಿಂದ, ಇನ್ನೊಂದು ತಿಂದ, ಆಮೇಲೆ ಸಿದರಾಯನ ಕಾಲಬುಡದಲ್ಲಿ ಕೂತುಬಿಟ್ಟ. ಓಮ್ನಿ ಹತ್ತಲು ಕರೆದರೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಸಿದರಾಯನೇ ಎತ್ತಿ ಕೂರಿಸಬೇಕಾಯಿತು. ವಾಪಸು ಬರುವಾಗ ದಾರಿಯುದ್ದಕ್ಕೂ ಚಂದನ ಹಿಂದಿನ ಗಾಜಿನಿಂದ ಖಾನಾಪುರದ ದಿಕ್ಕನ್ನೇ ನೋಡುತ್ತಿದ್ದ. ಮರಿಯಿದ್ದಾಗಿನಿಂದ ಹಾಲು ಕುಡಿಸಿ ಬೆಳೆಸಿದವನು ಮುಂದೆ ಸ್ಟೀರಿಂಗ್ ಹಿಡಿದು ಕೂತಿದ್ದ. ಬಸಯ್ಯನಿಗೆ ಅಳುವೇ ಬಂತು, ಸಿಟ್ಟೂ ಬಂತು.

ಕಲೇಜಿ ಮುಟ್ಟುವುದು ಅವನಿಂದಾಗದ ಮಾತು. ಕೊರಳಲ್ಲಿ ಲಿಂಗ ಇತ್ತು. ಯಾರೋ ಸೋಯಾ ಉಂಡೆ ಥೇಟು ಮಾಂಸದಂತೆ ಇರುತ್ತದೆ ಎಂದರು. ಅದನ್ನು ತಂದು ಬೇಯಿಸಿ, ಗರಂ ಮಸಾಲೆ ಹಾಕಿ ಕೊಟ್ಟ. ಚಂದನ ಅದನ್ನು ಬಾಯಿಗೆ ಹಾಕಿಕೊಂಡು, ಅಂಗಳದ ಮೂಲೆಗೆ ಒಯ್ದು, ಮರ್ಯಾದೆಯಿಂದ ಉಗುಳಿ ಬಂದ.

ಪ್ರದರ್ಶನದ ದಿನ ಬಸಯ್ಯ ಕುಂದಾವನ್ನೇ ಹಿಡಿದು ಹೋದ. ಪುಣೆಯಿಂದ ಬಂದಿದ್ದ ತೀರ್ಪುಗಾರ ಹೆಂಗಸು ಬಹಳ ಕಟ್ಟುನಿಟ್ಟು, ಯಾರ ಮುಖ ನೋಡಿಯೂ ನಗಲಿಲ್ಲ. ಮುಧೋಳ ನಾಯಿಗಳ ಸುತ್ತಿಗೆ ಕರೆದಾಗ ಸಂಖ್ಯೆಯ ಪ್ರಕಾರ ಮುಂದೆ ಸಿದರಾಯ ಮತ್ತು ಬಿಜಲಿ, ಅವರ ಹಿಂದೆಯೇ ಬಸಯ್ಯ ಮತ್ತು ಚಂದನ.

ಓಟ ಶುರುವಾಯಿತು. ಚಂದನ ಎಂದೂ ಹಾಗೆ ಓಡಿದವನಲ್ಲ. ತಲೆ ಎತ್ತಿ, ಬೆನ್ನು ಅಲುಗಿಸದೆ, ನೆಲ ಮುಟ್ಟಿತೋ ಇಲ್ಲವೋ ಎನ್ನುವ ಹಾಗೆ ಓಡಿದ. ಸುತ್ತ ನಿಂತವರು ಮಾತು ನಿಲ್ಲಿಸಿದರು. ಬಸಯ್ಯನ ಎದೆ ಉಬ್ಬಿತು. ಅರ್ಧ ಸುತ್ತು ಹೋದ ಮೇಲೆ ನಾಯಿಯ ನೋಟದ ಜಾಡು ಹಿಡಿದು ತಾನೂ ನೋಡಿದ. ಚಂದನ ಓಡುತ್ತಿದ್ದುದು ಮುಂದೆ ಹೋಗುತ್ತಿದ್ದ ಸಿದರಾಯನ ಕಿಸೆಯ ಬೆನ್ನು ಹತ್ತಿ.

ನಿಲ್ಲುವಾಗಲೂ ಹಾಗೇ. ಬಸಯ್ಯ ಕುಂದಾ ಹಿಡಿದ ಕೈ ಎತ್ತಿದ್ದು ಬಲಕ್ಕೆ, ಚಂದನ ಕತ್ತು ಚಾಚಿದ್ದು ಎಡಕ್ಕೆ, ಸಿದರಾಯ ನಿಂತ ಕಡೆಗೆ. ನಿಮಿರಿದ ಕಿವಿ, ಹೊಳೆಯುವ ಕಣ್ಣು, ಅಲುಗದ ಬಾಲ. ತೀರ್ಪುಗಾರ ಹೆಂಗಸು ಒಮ್ಮೆ ಸುತ್ತಿ ಬಂದಳು, ಮತ್ತೊಮ್ಮೆ ಸುತ್ತಿ ಬಂದಳು. ಕಡೆಗೆ ಮೊದಲ ಬಾರಿಗೆ ನಕ್ಕು ಚಂದನನ ಕಡೆ ಬೆರಳು ತೋರಿಸಿದಳು. ಬಿಜಲಿಗೆ ಎರಡನೆಯ ಸ್ಥಾನ.

ಚಪ್ಪಾಳೆ ಬಿತ್ತು. ಸಿದರಾಯ ಎಲ್ಲರಿಗಿಂತ ಜೋರಾಗಿ ಹೊಡೆದ. ಹೊಟ್ಟೆಯೊಳಗೆ ಕಿಚ್ಚಿನ ಕುರುಹೂ ಇಲ್ಲದ ಚಪ್ಪಾಳೆ ಅದು, ಬಸಯ್ಯನಿಗೆ ಅದೇ ಸಹಿಸಲಾಗಲಿಲ್ಲ. ಸಿದರಾಯನ ಮುಖ ಸ್ವಲ್ಪವಾದರೂ ಬಾಡಿದ್ದರೆ ಗೆದ್ದ ಸುಖವಾದರೂ ಸಿಗುತ್ತಿತ್ತು.

ಫೋಟೋ ತೆಗೆಯುವ ಹೊತ್ತಿಗೆ ಚಂದನ ಮತ್ತೆ ಆಕಳಿಸತೊಡಗಿದ. ಫೋಟೋದವನು ಚಿಟಿಕೆ ಹೊಡೆದ, ಬೆಕ್ಕಿನಂತೆ ಕೂಗಿದ, ಏನೂ ನಡೆಯಲಿಲ್ಲ.

"ತಡೀರಿ ಅಯ್ಯಾರ, ನಾ ನಿಂದರ್ತೀನಿ," ಎಂದು ಸಿದರಾಯ ತಾನಾಗಿಯೇ ಬಂದು ಕ್ಯಾಮೆರಾದ ಬಾಜೂ ನಿಂತು ಕಿಸೆಗೆ ಕೈಹಾಕಿದ. ಬಸಯ್ಯ ಕಪ್ಪನ್ನು ಎದೆಗೆ ಹಿಡಿದು ನಿಂತ. ಚಂದನ ಕತ್ತೆತ್ತಿದ. ಫೋಟೋ ಆಯಿತು.

ಕಟ್ಟುಹಾಕಿಸಿದ ಫೋಟೋ ಗಿರಣಿಯ ಗೋಡೆಯ ಮೇಲೆ, ಕಪ್ಪಿನ ಪಕ್ಕ ಬಂತು. ಗಿರಾಕಿಗಳು ಈಗ ಹಿಟ್ಟು ಬಿಟ್ಟು ಫೋಟೋ ನೋಡುತ್ತಾರೆ, ಅದರಿಂದ ಕಣ್ಣಿಳಿಸಿ ಬಸಯ್ಯನ ಮುಖ ನೋಡುತ್ತಾರೆ. ನಾಯಿ ಎಷ್ಟು ಚುರುಕು, ಯಜಮಾನನ ಮೇಲೆ ಎಷ್ಟು ಜೀವ ಎನ್ನುತ್ತಾರೆ. ಬಸಯ್ಯ ಹೂಂ ಎನ್ನುತ್ತಾನೆ. ಬೇಕೆಂದದ್ದೆಲ್ಲ ಸಿಕ್ಕಿತ್ತು, ಒಂದೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬುತ್ತಿ ತಂದ ಚಂದ್ರವ್ವ ಸೆರಗಿನಿಂದ ಫೋಟೋದ ಗಾಜು ಒರೆಸಿದಳು. ಒರೆಸಿ, ಹತ್ತಿರ ಹೋಗಿ ನೋಡಿದಳು.

"ಚಂದನ ಯಾರನ್ನ ನೋಡಾಕತ್ತಾನ್ರಿ?"

"ಕ್ಯಾಮೆರಾ ನೋಡಾಕತ್ತಾನ."

"ಕ್ಯಾಮೆರಾ ಎದುರಿಗಿ ಇರ್ತೈತಿ. ಇವ ಬಾಜೂಕ ನೋಡಾಕತ್ತಾನ." ಆಮೇಲೆ ಅವಳ ಬೆರಳು ನಾಯಿಯಿಂದ ಮೇಲಕ್ಕೆ, ಕಪ್ಪು ಹಿಡಿದು ನಿಂತ ಗಂಡನ ಮುಖಕ್ಕೆ ಹೋಯಿತು. "ನೀವೂ ಅಲ್ಲೇ ನೋಡಾಕತ್ತೀರಲ್ಲ. ಇಬ್ರೂ ಒಂದ ಕಡೆ. ಅಷ್ಟ ಕಣ್ಣ ಕೀಳದಂಗ ನೋಡೂವಂಥಾಂವ ಯಾರಿದ್ದ ಅಲ್ಲಿ?"

ಬಸಯ್ಯ ಎದ್ದು ಬಂದು ನೋಡಿದ. ಖರೇ ಇತ್ತು.

"ಗೆದ್ದಾಂವ," ಎಂದ.