ಉಪಗ್ರಹದ ಸೀಟಲ್ಲಿ ಮಲಗಿದ ಮಗಳು

ಗೆಳತಿಯರೇ, ಇವತ್ತು ಬೆಳಗಿನ ಜಾವ ನಾಲ್ಕಕ್ಕೆ, ಆಗಷ್ಟೇ ಕಣ್ಣು ಹತ್ತಿತ್ತು, ಮಗಳ ಅಳು ಎಬ್ಬಿಸಿತು. ನಾಲ್ಕೈದು ರಾತ್ರಿಯಿಂದ ಅವಳಿಗೆ ನಿದ್ದೆಯಿಲ್ಲ. ಭಯವಾಗಿ, ತುಮಕೂರಿನ ಡಾಕ್ಟರಿಗೆ ತೋರಿಸೋಣ ಅಂತ ಕುಣಿಗಲ್ಲಿನಲ್ಲಿ ಮೊದಲ ಬಸ್ಸು ಹತ್ತಿದೆ.

ಬಸ್ಸು ತುಂಬಿತ್ತು. ಹಿಂದಿನ ಚಕ್ರದ ಮೇಲಿನ ಸೀಟಲ್ಲಿ ಇಬ್ಬರು ಇಂಜಿನಿಯರಿಂಗ್ ಹುಡುಗರ ಪಕ್ಕ ಒಂದು ಅಲ್ಯೂಮಿನಿಯಂ ಡಬ್ಬ ಆರಾಮಾಗಿ ಕೂತಿತ್ತು.

"ಡಬ್ಬ ಎತ್ಕೊಳ್ರಪ್ಪ, ಕೈಯಲ್ಲಿ ಮಗು ಇದೆ" ಅಂದೆ.

"ಡಬ್ಬ ಅಲ್ಲ ಅಕ್ಕ, ಉಪಗ್ರಹ. ಕಾಲೇಜಲ್ಲಿ ನಾವೇ ಮಾಡ್ತಿರೋದು. ರಾಕೆಟ್ಟಿನ ಕುಲುಕಾಟ ತಡೀಬೇಕಲ್ಲ, ಅದಕ್ಕೇ ಈ ರೋಡಲ್ಲಿ ಟೆಸ್ಟು. ಜಾಸ್ತಿ ಎತ್ತಿಹಾಕೋದು ಈ ಸೀಟೇ."

"ಅದಕ್ಕೂ ಟಿಕೆಟ್ ತಗೊಂಡವ್ರೆ ಕಣಮ್ಮ" ಅಂದ ಕಂಡಕ್ಟರ್.

ಮುಂದಿನ ಸೀಟಿನ ಅಜ್ಜಿ ತಿರುಗಿದರು. "ಏನ್ರಲಾ, ಆಕಾಸಕ್ಕೆ ಹೋಗೋ ಡಬ್ಬಕ್ಕೆ ಸೀಟು, ತುಮಕೂರಿಗೆ ಹೋಗೋ ಬಾಣಂತಿಗೆ ಇಲ್ವಾ?"

ಹುಡುಗರು ನಾಚಿಕೊಂಡು ಸೀಟು ಬಿಟ್ಟುಕೊಟ್ಟರು. ಒಬ್ಬ ಉಪಗ್ರಹ ಹಿಡಿದು ನನ್ನ ಕಾಲ ಬಳಿ ನೆಲದ ಮೇಲೇ ಕೂತ. ಮೊದಲ ಗುಂಡಿಗೇ ಮಗಳು ಅಳು ನಿಲ್ಲಿಸಿದಳು. ಹೆಬ್ಬೂರು ಬರುವಷ್ಟರಲ್ಲಿ ಗಾಢ ನಿದ್ದೆ.

ತುಮಕೂರಲ್ಲಿ ಇಳಿಯುವಾಗ ಆ ಹುಡುಗ ಡಬ್ಬ ಅಲ್ಲಾಡಿಸಿ ನೋಡಿ, "ನಮ್ದು ಒಂದು ಸ್ಕ್ರೂ ಬಿಚ್ಚೋಯ್ತು. ನಿಮ್ದು ಪಾಸು ಅಕ್ಕ" ಅಂದ.

ಡಾಕ್ಟರು ನಕ್ಕರು. "ಚೆನ್ನಾಗಿದಾಳಮ್ಮ. ಮಲಗಿರೋ ಮಗುಗೆ ಏನಂತ ಔಷಧಿ ಬರೀಲಿ?"

ಆ ಹುಡುಗರ ಹೊಟ್ಟೆ ತಣ್ಣಗಿರಲಿ, ಅವರ ಉಪಗ್ರಹ ಆಕಾಶ ಸೇರಲಿ. ಸ್ಕ್ರೂ ಬಿಗಿಮಾಡಿ ನಾಳೆ ಮತ್ತೆ ಹೋಗುತ್ತಾರಂತೆ. ಯಾವ ಬಸ್ಸು ಅಂತ ಕೇಳೋದೇ ಮರೆತೆ. ಈಗ ಮಗಳು ಮತ್ತೆ ರಾಗ ತೆಗೆದಿದ್ದಾಳೆ. ನಿಮ್ಮಲ್ಲಿ ಯಾರಿಗಾದರೂ ಅವರು ಗೊತ್ತಿದ್ದರೆ, ದಮ್ಮಯ್ಯ, ಬೆಳಗಾಗೋದರೊಳಗೆ ಯಾವ ಬಸ್ಸು ಅಂತ ಕೇಳಿ ನನಗೊಂದು ಫೋನ್ ಮಾಡಿ.