ಗಾಳಿಗೆ ಹೊಡೆದ ಗುಂಡು

ದಿರ್ಗಾಮ್ ಓದಿದ್ದು ಪೆಟ್ರೋಲಿಯಂ ಎಂಜಿನಿಯರಿಂಗ್, ಮಾಡುತ್ತಿದ್ದದ್ದು ನೀರಿನ ವ್ಯಾಪಾರ. ಬಸ್ರಾ ಕಡೆಯ ಆ ಊರಿನಲ್ಲಿ ಮಾಳಿಗೆ ಹತ್ತಿದರೆ ಎಣ್ಣೆಬಾವಿಗಳ ಬೆಂಕಿ ಕಾಣುತ್ತದೆ, ನಲ್ಲಿ ತಿರುಗಿಸಿದರೆ ಉಪ್ಪುನೀರು ಬರುತ್ತದೆ. ಆ ನೀರಿಗೆ ಸೋಪು ನೊರೆ ಬಿಡುವುದಿಲ್ಲ, ಕುಡಿದ ಮಕ್ಕಳಿಗೆ ಭೇದಿ ನಿಲ್ಲುವುದಿಲ್ಲ. ಕೆಲಸ ಸಿಗದ ಈ ಹುಡುಗ ಮೂರು ಗಾಲಿಯ ಗಾಡಿಗೆ ಟ್ಯಾಂಕ್ ಕಟ್ಟಿಕೊಂಡು ಬೀದಿಬೀದಿಗೆ ಸಿಹಿನೀರು ಮಾರುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ. ಕೊಡ ತಂದವರಿಗೆಲ್ಲ ನೀರಿನ ಜೊತೆ ಸರ್ಕಾರಕ್ಕೆ ಬೈಗುಳ ಪುಕ್ಕಟೆ.

"ಮೊದಲು ನೀರು ಬಿಡಪ್ಪಾ," ಅನ್ನುತ್ತಿದ್ದರು ಹೆಂಗಸರು, "ಮಂತ್ರಿಗೆ ಆಮೇಲೆ ಬೈಕೊಳ್ಳುವೆಯಂತೆ."

ಆ ಬೇಸಿಗೆಯಲ್ಲಿ ಜನ ಖಾಲಿ ಕೊಡ ಬಡಿಯುತ್ತ ನೀರಿನ ಕಚೇರಿಯ ಗೇಟಿಗೆ ಹೋದರು. ದಿರ್ಗಾಮ್ ಪಕ್ಕದಲ್ಲಿ ಅವನ ಕುಲದವನೇ ಆದ ಗೆಳೆಯ ಅಖೀಲ್ ಇದ್ದ. ಒಳಗಿನಿಂದ ಕಾವಲುಗಾರರು ಗುಂಡು ಹಾರಿಸಿದರು. ಅಖೀಲನ ಕತ್ತು ಹರಿಯಿತು. ದಿರ್ಗಾಮ್ ಎರಡೂ ಅಂಗೈ ಒತ್ತಿ ಹಿಡಿದ. ರಕ್ತ ಬೆರಳ ಸಂದಿಯಿಂದ ಉಕ್ಕಿತು, ಆಮೇಲೆ ನಿಂತಿತು.

ಸಂಜೆ ಅಧಿಕಾರಿಯೊಬ್ಬ ಗೇಟಿನ ಹೊರಗೆ ಬಂದು, "ನಮ್ಮವರು ಗಾಳಿಯಲ್ಲಿ ಹಾರಿಸಿದ್ರು ಅಷ್ಟೆ," ಎಂದ.

"ಗಾಳಿಗೆ ಕತ್ತು ಇರುತ್ತೇನ್ರೀ?" ದಿರ್ಗಾಮ್ ಅವನ ಅಂಗಿ ಹಿಡಿದ. "ಹೊಡೆದವನ ಹೆಸರು ಹೇಳಿ."

ಉತ್ತರವಾಗಿ ಲಾಠಿ ಬಿತ್ತು. ಹಣೆ ಸೀಳಿತು, ಹೊಲಿಗೆ ಹಾಕಿಸಿಕೊಂಡ. ಅವನಿಗೆ ಆಗ ನೀರೂ ಬೇಡ, ನೌಕರಿಯೂ ಬೇಡ. ಒಬ್ಬನಾದರೂ ಎದುರಿಗೆ ಬಂದು 'ನಾನು ಹೊಡೆದೆ' ಅನ್ನಬೇಕಿತ್ತು.

ಮರುದಿನ ಬೆಳಿಗ್ಗೆ ಅಖೀಲನ ಹೆಣ ಎತ್ತಿದರು. ಆ ಕಡೆ ಹರೆಯದವನು ಸತ್ತರೆ ಕುಲದವರು ಆಕಾಶಕ್ಕೆ ಬಂದೂಕು ಹಾರಿಸಿ ಕಳಿಸಿಕೊಡಬೇಕು. ಮೇಲೆ ಹೋದದ್ದು ಕೆಳಗೂ ಬರುತ್ತದೆ ಅನ್ನುವ ವಿಷಯ ಎಷ್ಟು ಸಾವು ಕಂಡರೂ ಈ ದೊಡ್ಡ ಮನುಷ್ಯರ ತಲೆಗೆ ಹೋಗುವುದಿಲ್ಲ. ಚಿಕ್ಕಪ್ಪ ಹಾಜಿ ಫಾಲಿಹ್ ದಿರ್ಗಾಮ್ ಕೈಗೂ ಒಂದು ಬಂದೂಕು ತುರುಕಿದ.

"ಅಳ್ತಾ ನಿಲ್ಬೇಡ. ಗಂಡಸಿನ ಹಾಗೆ ಕಳಿಸಿಕೊಡು ಅವನ್ನ."

ದಿರ್ಗಾಮನಿಗೆ ಆಕಾಶದಲ್ಲಿ ಆ ಅಧಿಕಾರಿಯ ಮುಖವೇ ಕಂಡಿತು. ಗುಂಡು ಮುಗಿಯುವವರೆಗೂ ಹಾರಿಸಿದ. ಮುಗಿದ ಮೇಲೂ ಟ್ರಿಗರ್ ಒತ್ತುತ್ತಲೇ ಇದ್ದ. ಎದೆ ಹಗುರಾಯಿತು.

ಅದೇ ಹೊತ್ತಿಗೆ ಹಿಂದಿನ ಬೀದಿಯಲ್ಲಿ ಹವ್ರಾ ಎಂಬ ಹುಡುಗಿ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ಎತ್ತುತ್ತಿದ್ದಳು. ದಿರ್ಗಾಮನ ಗಾಡಿಗೆ ಪುಟ್ಟ ಕೊಡ ತಂದು, ತುಂಬ ತುಂಬಿಸು ಎಂದು ಜಗಳ ಆಡುತ್ತಿದ್ದವಳು. ಮೇಲಿಂದ ಬಂದ ಒಂದು ಗುಂಡು ಅವಳ ನೆತ್ತಿಯಲ್ಲಿ ಇಳಿಯಿತು.

ಮೂರನೆಯ ದಿನ ಅವಳ ಅಪ್ಪ ಅಬೂ ಮೈತಮ್, ಮಗ ಮೈತಮನನ್ನು ಕರೆದುಕೊಂಡು ಹಾಜಿ ಫಾಲಿಹನ ಜೊಂಡಿನ ಚಾವಡಿಗೆ ಬಂದ. ಕಾಫಿ ಕೊಟ್ಟರು. ಅವನು ಬಟ್ಟಲನ್ನು ತುಟಿಗೆ ತಾಗಿಸದೆ ನೆಲಕ್ಕಿಟ್ಟ. ಹಾಗೆ ಇಟ್ಟವನು ಕೇಳಿದ್ದನ್ನು ಕೊಡುವತನಕ ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದರೆ ಮನೆಯವರು ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ.

"ಕೇಳು ಅಬೂ ಮೈತಮ್," ಎಂದ ಹಾಜಿ. "ರಕ್ತದ ಬೆಲೆಗೆ ನಾವು ಚೌಕಾಸಿ ಮಾಡೋರಲ್ಲ."

"ದುಡ್ಡು ನೀವೇ ಇಟ್ಕೊಳ್ಳಿ ಹಾಜಿ. ನನ್ನ ಮಗಳನ್ನ ಹೊಡೆದೋರು ಯಾರು? ಅಷ್ಟು ಹೇಳಿ, ಕುಡೀತೀನಿ."

"ಯಾರು ಅಂತ ಹೇಳೋದಪ್ಪಾ? ಅಷ್ಟೊಂದು ಬಂದೂಕು ಇತ್ತು. ನಮ್ಮ ಹುಡುಗರು ಗಾಳಿಯಲ್ಲಿ ಹಾರಿಸಿದ್ರು ಅಷ್ಟೆ."

ಮೂಲೆಯಲ್ಲಿದ್ದ ದಿರ್ಗಾಮ್ ತಲೆ ಎತ್ತಿದ. ಗೇಟಿನ ಮುಂದೆ ಕೇಳಿದ ಅದೇ ಮಾತು ಈಗ ಚಿಕ್ಕಪ್ಪನ ಬಾಯಲ್ಲಿ. ನಾಚಿಕೆಯಿಂದ ಕಿವಿ ಸುಟ್ಟವು. ಎದ್ದು ನಿಂತ.

"ನಾನು," ಎಂದ. "ನಾನು ಹೊಡೆದೆ."

"ಕೂತ್ಕೊಳೋ ಹುಚ್ಚುಮುಂಡೇದೇ," ಹಾಜಿ ಹಲ್ಲು ಕಚ್ಚಿದ.

ಅಷ್ಟರಲ್ಲಿ ಮೈತಮ್ ಅವನ ಮೇಲೆ ಬಿದ್ದಾಗಿತ್ತು. ಪಿಸ್ತೂಲಿನ ಹಿಡಿಯಿಂದ ಬಾಯಿಗೆ ಗುದ್ದಿದ. ಹಲ್ಲು ಮುರಿಯಿತು. ಕೆಡವಿ ಪಕ್ಕೆಗೆ ಒದ್ದ, ಹಣೆಯ ಹೊಲಿಗೆ ಕಿತ್ತುಹೋಗುವ ಹಾಗೆ ಒದ್ದ. ದಿರ್ಗಾಮ್ ಕೈ ಎತ್ತಲಿಲ್ಲ. ಪಿಸ್ತೂಲು ಅವನ ಕತ್ತಿಗೆ ಬಂದಾಗ ಅಬೂ ಮೈತಮ್ ಮಗನ ಮಣಿಕಟ್ಟು ಹಿಡಿದ.

"ತಡಿ." ಆಮೇಲೆ ದಿರ್ಗಾಮನ ಕಡೆ ಬಗ್ಗಿದ. "ಅಷ್ಟು ಜನರಲ್ಲಿ ನಿನ್ನ ಗುಂಡೇ ಅಂತ ಹೆಂಗೆ ಗೊತ್ತು ನಿಂಗೆ?"

ದಿರ್ಗಾಮ್ ರಕ್ತ ಉಗಿದ. "ಗೊತ್ತಿಲ್ಲ. ಯಾರಾದ್ರೂ ಹೇಳ್ಬೇಕಲ್ಲ, ಹಾರಿಸಿದ್ದಂತೂ ನಿಜ."

ಅಬೂ ಮೈತಮ್ ಮಗನನ್ನು ಹಿಂದಕ್ಕೆಳೆದ. ಮೆಲ್ಲಗೆ ಬಂದು ತನ್ನ ಜಾಗದಲ್ಲಿ ಕುಳಿತ. ಬಟ್ಟಲು ಎತ್ತಿಕೊಂಡ. ಗೋಡೆಗೊರಗಿದ್ದ, ಅಂದು ಬಂದೂಕು ಹಾರಿಸಿದ್ದ ಗಂಡಸರ ಉಸಿರು ಸಡಿಲವಾಯಿತು. ಅವನು ಅವರನ್ನು ಒಬ್ಬೊಬ್ಬರಾಗಿ ನೋಡಿ, ಬಟ್ಟಲನ್ನು ಮತ್ತೆ ನೆಲಕ್ಕಿಟ್ಟ.

"ಇವನು ಹೇಳಿದ," ಎಂದ. "ಉಳಿದೋರು?"