ಕುಣಿಮಗ್ಗದಲ್ಲಿ ಅಡಗಿಸಿದ ಕಾಲು

ಮೊದಲು ಚಪ್ಪಲಿ ಹತ್ತದಾಯಿತು. ನಮ್ಮವರು, ಅಂದರೆ ನನ್ನ ಗಂಡ, ಹೊಸ್ತಿಲ ಮೇಲೆ ಕೂತು ಪಾದ ತುರುಕುತ್ತಲೇ ಇದ್ದರು. ಬೆಳಿಗ್ಗೆ ಮುಖವೂ ಊದಿರುತ್ತಿತ್ತು. ನಿದ್ದೆ ಹೆಚ್ಚಾಗಿದೆ ಎಂದರು. ನಾನು ನಂಬಲಿಲ್ಲ. ನನ್ನದು ಮೊದಲಿನಿಂದಲೂ ಸಂಶಯದ ಸ್ವಭಾವ. ಬದನೆಕಾಯಿಯನ್ನೂ ತಿರುವಿ ಮುರುವಿ ನೋಡದೆ ಚೀಲಕ್ಕೆ ಹಾಕುವವಳಲ್ಲ. ಗಜೇಂದ್ರಗಡದಲ್ಲಿ ಬಸ್ಸು ಹತ್ತಿಸಿ ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಎರಡೂ ಕಿಡ್ನಿ ಸೋತಿದ್ದವು.

"ಸದ್ಯಕ್ಕ ಗುಳಿಗಿ ಮ್ಯಾಲೆ ನೋಡೋಣ್ರಿ," ಎಂದರು ಡಾಕ್ಟರು. "ರಕ್ತದಾಗ ಕ್ರಿಯಾಟಿನಿನ್ ಅನ್ನೋ ಹೊಲಸು ಏರಿದ್ರ ಡಯಾಲಿಸಿಸ್ ಬೇಕಾಗ್ತದ. ಒಂದ ಗುಳಿಗಿನೂ ತಪ್ಪಿಸಬ್ಯಾಡ್ರಿ."

ನಮ್ಮ ಚರ್ಚಿನ ಸಭೆಯವರೆಲ್ಲ ಉಪವಾಸ ಪ್ರಾರ್ಥನೆಗೆ ಕೂತರು. ಹಿರಿಯರು ನಮ್ಮವರ ತಲೆಗೆ ಎಣ್ಣೆ ಹಚ್ಚಿ, ಕೈಯಿಟ್ಟು ಬೇಡಿಕೊಂಡರು. ನಾನೂ ಬೇಡಿಕೊಂಡೆ, ಗಂಟಲು ಹರಿಯುವಷ್ಟು. ನಮ್ಮ ಸಭೆಯಲ್ಲಿ ಒಂದು ರೂಢಿ ಇದೆ: ರೋಗ ಹೋಗುವ ಮೊದಲೇ ಎದ್ದು ನಿಂತು, ಗುಣವಾಗಿದ್ದೇನೆ ಎಂದು ಸಾಕ್ಷಿ ಹೇಳುವುದು. ಅದು ದೊಡ್ಡ ವಿಶ್ವಾಸ ಎಂದು ಎಲ್ಲರ ಎಣಿಕೆ. ಒಂದು ಭಾನುವಾರ ನಮ್ಮವರು ಎದ್ದರು.

"ಯೇಸು ನನ್ನ ಮುಟ್ಯಾನ್ರಿ. ನಾ ಗುಣಾ ಆಗೇನಿ."

ಎಲ್ಲರೂ ಹಲ್ಲೆಲೂಯ ಎಂದರು. ನನ್ನ ಬಾಯಿಗೆ ಆ ಮಾತು ಬರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿಲ್ಲ, ಏನಿಲ್ಲ, ಇವರಿಗೆ ಯಾರು ಹೇಳಿದರು?

ಅಂದಿನಿಂದ ಅವರು ಮಗ್ಗ ಬಿಟ್ಟು ಏಳುವುದೇ ಕಡಿಮೆಯಾಯಿತು. ನಮ್ಮದು ಕುಣಿಮಗ್ಗ, ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಊಟ ಅಲ್ಲೇ, ಮಾತೂ ಅಲ್ಲೇ. ಮನೆಗೆ ಬಂದವರು "ಎಷ್ಟ ಚಲೋ ಆಗ್ಯಾರ, ಕೆಲಸಾ ಬಿಟ್ಟು ಏಳವಲ್ರು!" ಎಂದು ದೇವರನ್ನು ಕೊಂಡಾಡಿ ಹೋಗುತ್ತಿದ್ದರು. ಆದರೆ ಲಾಳಿಯ ಸಪ್ಪಳ ನನಗೆ ಸರಿ ಕಾಣಲಿಲ್ಲ. ತುಸು ಓಡಿ ನಿಲ್ಲುತ್ತಿತ್ತು, ತಡೆದು ತಡೆದು ಶುರುವಾಗುತ್ತಿತ್ತು. ಪಕ್ಕದಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ನಾನು ರಾಟೆ ಬಿಟ್ಟು ಎದ್ದೆ. ಕುಣಿಯೊಳಗೆ ಕೈ ಹಾಕಿ ಅವರ ಕಾಲು ಒತ್ತಿದೆ.

ಬೆರಳು ಊತದೊಳಗೆ ಇಳಿಯಿತು. ಗುರುತು ಹಾಗೇ ಉಳಿಯಿತು.

"ಗುಳಿಗಿ ತಗೊಳ್ಳಾಕತ್ತೀರೋ ಇಲ್ಲೋ?"

"ಬಿಟ್ಟೇನಿ."

"ಯಾಕ್ರಿ?"

"ಸಾಕ್ಷಿ ಹೇಳಿದ ಮ್ಯಾಲೆ ಹ್ಯಾಂಗ ತಗೊಳ್ಳಲಿ? ದೇವರನ್ನ ಸುಳ್ಳಗಾರನ್ನ ಮಾಡಿದಂಗ ಆಗ್ತದ."

"ದೇವರ ಮಾನಾ ಕಾಯಾಕ ನೀವು ಸಾಯಬೇಕೇನ್ರಿ?" ಕೂಗಿಯೇಬಿಟ್ಟೆ.

ಅದೇ ಸಿಟ್ಟಿನಲ್ಲಿ ನಮ್ಮ ಸಭೆಯ ಪಾಸ್ಟರ ಮನೆಗೆ ಹೋದೆ. ಇದನ್ನೆಲ್ಲ ಅವರೇ ಕಲಿಸಿರಬೇಕು ಎಂಬ ಗುಮಾನಿ ನನಗೆ.

"ಗುಳಿಗಿ ಬಿಡು ಅಂತ ನಾ ಹೇಳಿಲ್ಲವ್ವಾ," ಎಂದರು.

"ಬಿಡಬ್ಯಾಡ ಅಂತನೂ ಹೇಳಲಿಲ್ಲಲ್ರಿ."

ಪಾಸ್ಟರು ಅಂಗಿ ತೊಟ್ಟು ನನ್ನ ಜೊತೆಗೇ ಹೊರಟರು. ಇಬ್ಬರೂ ಸೇರಿ ನಮ್ಮವರನ್ನು ಎಬ್ಬಿಸಿ ಗದಗಿಗೆ ಕರೆದೊಯ್ದೆವು. ಬಸ್ಸಿನಲ್ಲಿ ನಮ್ಮವರಿಗೆ ಉಸಿರು ಸಿಗುತ್ತಿರಲಿಲ್ಲ. ಕಿಟಕಿ ತೆಗೆದು, ಸೆರಗಿನಿಂದ ಗಾಳಿ ಹಾಕುತ್ತ, ಒಳಗೊಳಗೇ ದೇವರ ಜೊತೆ ಜಗಳ ಮಾಡಿದೆ.

"ಇವತ್ತ ಡಯಾಲಿಸಿಸ್ ಆಗಬೇಕ್ರಿ. ತಡಾ ಮಾಡಿದ್ರ ಜೀವಕ್ಕ ಅಪಾಯ," ಎಂದರು ಡಾಕ್ಟರು.

ನಮ್ಮವರು ಬೇಡವೆಂದು ತಲೆಯಾಡಿಸಿ ಪಾಸ್ಟರ ಮುಖ ನೋಡಿದರು.

"ನಾವೆಲ್ಲಾ ಬೇಡಿಕೊಂಡ್ವಿ. ಕೇಳಿದ್ದು ಸಿಗಲಿಲ್ಲ," ಪಾಸ್ಟರು ನಿಧಾನಕ್ಕೆ ಹೇಳಿದರು. "ಯಾಕಂತ ನನಗೂ ಗೊತ್ತಿಲ್ಲ. ಆದ್ರ ದೇವರ ಹೆಸರಿಲೆ ನೀವು ಜೀವಾ ಕಳಕೊಂಡ್ರ ನಾ ಸಭಾದಾಗ ಹ್ಯಾಂಗ ನಿಂದರ್ಲಿ?"

ನಮ್ಮವರು ನನ್ನ ಕಡೆ ತಿರುಗಿದರು.

"ನನಗ ನಿಮ್ಮ ಸಾಕ್ಷಿ ಬ್ಯಾಡ್ರಿ. ನೀವು ಬೇಕು," ಎಂದೆ. ಅಳು ತಡೆಯಲಾಗಲಿಲ್ಲ.

ಹೂಂ ಎಂದರು.

ಈಗ ವಾರಕ್ಕೆ ಎರಡು ಸಲ ಗದಗ. ಪವಾಡ ನಡೆಯಲಿಲ್ಲ. ಇನ್ನೂ ನಡೆಯುತ್ತದೆ ಎಂದು ಹೇಳಲು ಬರುವವರಿಗೆ ಚಹಾ ಕೊಟ್ಟು ಕಳಿಸುತ್ತೇನೆ. ದೇವರು ನಮ್ಮ ಮಾತು ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಿಕೊಂಡೂ ಸುಮ್ಮನಿದ್ದನೋ ಎಂಬ ಅನುಮಾನ ನನಗೆ ಹೋಗಿಲ್ಲ. ಆದರೂ ಬೈಯಬೇಕೆನಿಸಿದಾಗ ಬಾಯಿಗೆ ಬರುವುದು ಅವನ ಹೆಸರೇ.

ಮೊನ್ನೆ ನರ್ಸ್ ಮಷೀನು ಜೋಡಿಸುವಾಗ ನಮ್ಮವರು "ಈ ಸಲ ನೀ ಪ್ರಾರ್ಥನಾ ಮಾಡು" ಎಂದರು.

ಕಣ್ಣು ಮುಚ್ಚದೆಯೇ ಮಾಡಿದೆ. "ತಂದೀ, ಇವರನ್ನ ನಿನ್ನ ಕೈಯಾಗ ಕೊಟ್ಟೇನಿ. ಆದ್ರ ನಿನ್ನ ಮ್ಯಾಲೆ ನನಗ ಪೂರಾ ಭರೋಸಾ ಇಲ್ಲ. ಅದಕ್ಕ ನಾನೂ ಇಲ್ಲೇ ಕುಂದರ್ತೀನಿ, ನೋಡ್ಕೊಂತ."

ನಮ್ಮವರು ನಕ್ಕು, ಆಮೆನ್ ಎಂದರು.